ಅಣು ಒಮ್ಮೆ ಅಲುಗಾಡಲು 11 ಫೆಮ್ಟೋಸೆಕೆಂಡ್ ಬೇಕು. ಅದರಿಂದ 1.6 ಫೆಮ್ಟೋಸೆಕೆಂಡಿನ ಬೆಳಕು ಹೇಗೆ ಹುಟ್ಟುತ್ತದೆ?

ತಿಪಟೂರು ಮೇಡಂ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ನಾನು ತಿಪಟೂರಿನಲ್ಲಿ ಪಿಯು ಮಕ್ಕಳಿಗೆ ಫಿಸಿಕ್ಸ್ ಪಾಠ ಮಾಡುತ್ತೇನೆ. ಹೋದ ವಾರ ಬೀಟ್ಸ್ ಪಾಠ ಇತ್ತು. ಒಂದೇ ಅಳತೆಯ ಎರಡು ಟ್ಯೂನಿಂಗ್ ಫೋರ್ಕ್ ತೆಗೆದುಕೊಂಡು, ಒಂದರ ತುದಿಗೆ ಸ್ವಲ್ಪ ಮೇಣ ಮೆತ್ತಿ, ಎರಡನ್ನೂ ಬಡಿದು ತೋರಿಸಿದೆ. ದನಿ ಏರಿ ಇಳಿಯುವುದು ಕೊನೆಯ ಬೆಂಚಿನವರೆಗೂ ಕೇಳಿಸಿತು. ಆಗ ಒಬ್ಬ ಹುಡುಗ ಎದ್ದು ನಿಂತು ಕೇಳಿದ: "ಮಿಸ್, ಎರಡರ ಬದಲು ಏಳು ಫೋರ್ಕ್ ಇದ್ದರೆ ಏನಾಗುತ್ತದೆ?"

ಏರುವ ಹೊತ್ತು ಚಿಕ್ಕದಾಗುತ್ತದೆ, ಮಧ್ಯದ ಮೌನ ಉದ್ದವಾಗುತ್ತದೆ ಅಂತ ಹೇಳಿದೆ. ಮನೆಗೆ ಬಂದ ಮೇಲೂ ಆ ಪ್ರಶ್ನೆ ತಲೆಯಲ್ಲೇ ಇತ್ತು. ಹುಡುಕುತ್ತಾ ಹೋದಾಗ ಸ್ಟ್ಯಾನ್‌ಫರ್ಡ್‌ನಲ್ಲಿ 2005ರಲ್ಲಿ ಮಾಡಿದ ಒಂದು ಪ್ರಯೋಗ ಸಿಕ್ಕಿತು. ಅಲ್ಲೂ ಏಳೇ! ಏಳು ಬಣ್ಣದ ಬೆಳಕನ್ನು ಕೂಡಿಸಿ 1.6 ಫೆಮ್ಟೋಸೆಕೆಂಡಿನ (ಒಂದು ಫೆಮ್ಟೋಸೆಕೆಂಡ್ ಅಂದರೆ ಸೆಕೆಂಡಿನ ಸಾವಿರ ಲಕ್ಷ ಕೋಟಿಯಲ್ಲಿ ಒಂದು ಪಾಲು) ಪಲ್ಸ್‌ಗಳನ್ನು ಮಾಡಿದ್ದಾರೆ. ಪಲ್ಸ್ ಅಂದರೆ ಬೆಳಕಿನ ಚಿಕ್ಕ ತುಣುಕು. ಒಂದು ಪಲ್ಸಿಗೂ ಮುಂದಿನದಕ್ಕೂ 11 ಫೆಮ್ಟೋಸೆಕೆಂಡ್ ಅಂತರ. ಆ ಏಳು ಬಣ್ಣಗಳನ್ನು ಹುಟ್ಟಿಸಿದ್ದು ಡ್ಯೂಟೀರಿಯಂ (ಭಾರದ ಹೈಡ್ರೋಜನ್) ಅಣುಗಳ ಕಂಪನ.

ನನಗೆ ಅರ್ಥವಾಗದ್ದು ಇದು. ಆ ಅಣು ಒಂದು ಸಲ ಹಿಗ್ಗಿ ಕುಗ್ಗಲು 11 ಫೆಮ್ಟೋಸೆಕೆಂಡ್ ಬೇಕು. ಅಂದರೆ ಅದು ಪಲ್ಸಿಗಿಂತ ಏಳು ಪಟ್ಟು ನಿಧಾನ. ನಿಧಾನದ ವಸ್ತು ಬೇಗದ ವಸ್ತುವನ್ನು ಹೇಗೆ ಕತ್ತರಿಸುತ್ತದೆ? ನಮ್ಮ ಕಡೆ ಎಲ್ಲರಿಗೂ ಗೊತ್ತು, ಮಚ್ಚು ಮೊಂಡಾಗಿದ್ದರೆ ಕೊಬ್ಬರಿಯಲ್ಲಿ ತೆಳ್ಳನೆ ಹೋಳು ಬರುವುದಿಲ್ಲ.

ಇನ್ನೊಂದು ಅನುಮಾನ. ಪ್ರತಿ ಫೆಬ್ರವರಿ 28ಕ್ಕೆ ನಾನು ಮಕ್ಕಳಿಗೆ ರಾಮನ್ ಪರಿಣಾಮದ ಬಗ್ಗೆ, ಅಂದರೆ ಅಣುಗಳಿಗೆ ತಾಗಿ ಚದುರಿದ ಬೆಳಕಿನ ಬಣ್ಣ ಬದಲಾಗುವುದರ ಬಗ್ಗೆ, ಹೇಳುತ್ತೇನೆ. ಅದು ತುಂಬಾ ಕ್ಷೀಣವಾದ ಬೆಳಕು ಅಂತಲೂ ಹೇಳುತ್ತೇನೆ. ಇಲ್ಲಿಯೂ ಅದೇ ರಾಮನ್ ಪರಿಣಾಮ ಅಂತೆ. ಹಾಗಿದ್ದರೆ ಇಷ್ಟು ಜೋರಾದ ಬಣ್ಣಗಳು ಹೇಗೆ ಬಂದವು?

ಆ ಹುಡುಗನಿಗೆ ಸರಿಯಾದ ಉತ್ತರ ಕೊಡಬೇಕು. ದಯವಿಟ್ಟು ಬಿಡಿಸಿ ಹೇಳಿ.

ಕಾಫಿತೋಟ

ಮೇಡಂ, ನಾನು ಎಲೆಕ್ಟ್ರಾನಿಕ್ಸ್ ಓದಿದವನು, ಲೇಸರ್ ನನ್ನ ಕ್ಷೇತ್ರ ಅಲ್ಲ. ನನ್ನ ಊಹೆ ಹೀಗಿದೆ. ಅಣು ಒಂದು ಶಟರ್ ತರಹ ಇರಬಹುದು. ಕುಗ್ಗಿದಾಗ ಬೆಳಕು ದಾಟುತ್ತದೆ, ಹಿಗ್ಗಿದಾಗ ತಡೆಯುತ್ತದೆ. 11 ಫೆಮ್ಟೋಸೆಕೆಂಡಿನಲ್ಲಿ ಸ್ವಲ್ಪ ಹೊತ್ತು ಮಾತ್ರ ಬಾಗಿಲು ತೆರೆದಿದ್ದರೆ 1.6 ಬರಬಹುದು ಅಲ್ವಾ? ಗೊತ್ತಿರುವವರು ತಿದ್ದಲಿ.

ಕರಣೆ

ಮೇಡಂ, ನಿಮ್ಮ ವಿದ್ಯಾರ್ಥಿಯ ಪ್ರಶ್ನೆ ಓದಿ ತುಂಬಾ ಸಂತೋಷವಾಯಿತು. ನಾನು ನಾಲ್ಕು ವರ್ಷ ಹೊರದೇಶದ ಒಂದು ಲ್ಯಾಬಿನಲ್ಲಿ ಇಂಥದೇ ಕೆಲಸ ಮಾಡಿದ್ದೇನೆ. ಮೃದಂಗವನ್ನೂ ನುಡಿಸುತ್ತೇನೆ, ನನ್ನ ಹೆಸರು ಬಂದದ್ದು ಅದರಿಂದಲೇ. ಎರಡೂ ಇಲ್ಲಿ ಕೆಲಸಕ್ಕೆ ಬರುತ್ತವೆ.

ಕಾಫಿತೋಟ ಅವರೇ, ಶಟರ್ ಅನ್ನುವ ಚಿತ್ರ ಸಹಜವಾಗಿಯೇ ಬರುತ್ತದೆ. ಆದರೆ ಇಲ್ಲಿ ಅದು ಹೊಂದುವುದಿಲ್ಲ. ಅಣು ಬೆಳಕನ್ನು ತಡೆಯುವುದೂ ಇಲ್ಲ, ಕತ್ತರಿಸುವುದೂ ಇಲ್ಲ. ಅದು ಬೆಳಕಿನ ನಡಿಗೆಯನ್ನು ಸ್ವಲ್ಪ ನಿಧಾನ, ಸ್ವಲ್ಪ ಬೇಗ ಮಾಡುತ್ತದೆ, ಅಷ್ಟೇ. ಡ್ಯೂಟೀರಿಯಂ ಅಣುವಿನ ಎರಡು ಪರಮಾಣುಗಳು ದೂರ ಸರಿದಾಗ ಎಲೆಕ್ಟ್ರಾನ್‌ಗಳನ್ನು ಆಚೀಚೆ ಎಳೆಯುವುದು ಬೆಳಕಿಗೆ ಸುಲಭ. ಹತ್ತಿರ ಬಂದಾಗ ಕಷ್ಟ. ಹಾಗಾಗಿ ಅನಿಲದ ವಕ್ರೀಭವನ ಸೂಚ್ಯಂಕ, ಅಂದರೆ ಅದು ಬೆಳಕನ್ನು ಎಷ್ಟು ನಿಧಾನ ಮಾಡುತ್ತದೆ ಅನ್ನುವ ಅಳತೆ, ಅಣುವಿನ ತಾಳಕ್ಕೆ ಏರಿ ಇಳಿಯುತ್ತದೆ. ಸೆಕೆಂಡಿಗೆ ಸುಮಾರು 90 ಲಕ್ಷ ಕೋಟಿ ಸಲ, ಅಂದರೆ 90 ಟೆರಾಹರ್ಟ್ಸ್.

ಇದನ್ನು ಎಲೆಕ್ಟ್ರಾನಿಕ್ಸ್‌ನವರು ಬೇಗ ಹಿಡಿಯುತ್ತಾರೆ. ಎಫ್ಎಂ ರೇಡಿಯೋದಲ್ಲಿ ಒಂದು ಅಲೆಯ ಆವೃತ್ತಿಯನ್ನು ದನಿಗೆ ತಕ್ಕಂತೆ ಏರಿಸಿ ಇಳಿಸುತ್ತಾರೆ. ಆಗ ಮೂಲ ಅಲೆಯ ಎರಡೂ ಪಕ್ಕದಲ್ಲಿ ಹೊಸ ಆವೃತ್ತಿಗಳು, ಅಂದರೆ ಸೈಡ್‌ಬ್ಯಾಂಡ್‌ಗಳು ಹುಟ್ಟುತ್ತವೆ. ಅಣು ಮಾಡುವುದೂ ಅದನ್ನೇ. ಒಂದು ಬಣ್ಣ ಅನಿಲದೊಳಗೆ ಹೋದರೆ, ಅದಕ್ಕಿಂತ 90 ಟೆರಾಹರ್ಟ್ಸ್ ಮೇಲೊಂದು, ಕೆಳಗೊಂದು ಬಣ್ಣ ಹುಟ್ಟುತ್ತದೆ. ಹುಟ್ಟಿದ ಬಣ್ಣವೂ ಅದೇ ಅನಿಲದಲ್ಲಿ ಸಾಗಬೇಕು. ಅದರ ಪಕ್ಕದಲ್ಲಿ ಮತ್ತೊಂದು ಹುಟ್ಟುತ್ತದೆ. ಏಣಿಯ ಮೆಟ್ಟಿಲಿನಂತೆ ಸರಣಿ ಬೆಳೆಯುತ್ತದೆ. ಎಲ್ಲ ಮೆಟ್ಟಿಲಿನ ಅಂತರವೂ ಒಂದೇ.

ಸ್ಟ್ಯಾನ್‌ಫರ್ಡ್‌ನ ಏಳು ಬಣ್ಣಗಳು ಇವು: 1560 ನ್ಯಾನೋಮೀಟರಿನಿಂದ ಶುರು, ಆಮೇಲೆ 1064, 807, 650, 544, 468, 410. ಮೊದಲ ಮೂರು ಇನ್‌ಫ್ರಾರೆಡ್, ಕಣ್ಣಿಗೆ ಕಾಣುವಂಥವಲ್ಲ. ಉಳಿದವು ಕೆಂಪು, ಹಸಿರು, ನೀಲಿ, ನೇರಳೆ. ತರಂಗಾಂತರದಲ್ಲಿ ನೋಡಿದರೆ ಅಂತರ ಒಂದೇ ಅನ್ನಿಸುವುದಿಲ್ಲ. ಒಂದೊಂದನ್ನೂ ಆವೃತ್ತಿಗೆ ಬದಲಾಯಿಸಿ ನೋಡಿ, ಅಥವಾ ಒಂದು ಸೆಂಟಿಮೀಟರಿನಲ್ಲಿ ಎಷ್ಟು ಅಲೆ ಅಂತ ಲೆಕ್ಕ ಹಾಕಿ. ಪ್ರತಿ ಮೆಟ್ಟಿಲಿಗೂ ಸರಿಸುಮಾರು 2994 ಅಲೆ ಜಾಸ್ತಿ. ಮಕ್ಕಳ ಕೈಯಲ್ಲೇ ಈ ಲೆಕ್ಕ ಮಾಡಿಸಿ, ಅವರಿಗೆ ಇದು ಖುಷಿ ಕೊಡುತ್ತದೆ.

ಈಗ ಮೊಂಡು ಮಚ್ಚಿನ ಮಾತು. ಇದಕ್ಕೆ ತಾಳದಲ್ಲಿ ಉತ್ತರ ಇದೆ.

ಒಂದು ಆವರ್ತನ, ಅಂದರೆ ತಾಳದ ಒಂದು ಪೂರ್ತಿ ಸುತ್ತು, ತೆಗೆದುಕೊಳ್ಳಿ. ಏಳು ಜನ ಕೂತಿದ್ದಾರೆ. ಒಬ್ಬ ಆವರ್ತನಕ್ಕೆ ಎರಡು ಪೆಟ್ಟು ಹಾಕುತ್ತಾನೆ, ಇನ್ನೊಬ್ಬ ಮೂರು, ಮತ್ತೊಬ್ಬ ನಾಲ್ಕು, ಹೀಗೆ ಎಂಟರವರೆಗೆ. ಎಲ್ಲರೂ ಸಮದಲ್ಲಿ, ಅಂದರೆ ಆವರ್ತನದ ಮೊದಲ ಪೆಟ್ಟಿನಲ್ಲಿ, ಶುರು ಮಾಡುತ್ತಾರೆ. ಒಂದೇ ಒಂದು ಗಟ್ಟಿ ಪೆಟ್ಟು ಕೇಳುತ್ತದೆ. ಆಮೇಲೆ ಚದುರಿಹೋಗುತ್ತಾರೆ. ಮತ್ತೆ ಎಲ್ಲರೂ ಒಟ್ಟಿಗೆ ಸೇರುವುದು ಮುಂದಿನ ಸಮದಲ್ಲೇ. ಸಮದಿಂದ ಸಮಕ್ಕೆ ಎಷ್ಟು ಹೊತ್ತು ಅನ್ನುವುದನ್ನು ಆವರ್ತನ ತೀರ್ಮಾನಿಸುತ್ತದೆ. ಆದರೆ ಸಮದ ಪೆಟ್ಟು ಎಷ್ಟು ಚುರುಕು ಅನ್ನುವುದನ್ನು ಆವರ್ತನ ತೀರ್ಮಾನಿಸುವುದಿಲ್ಲ. ಅತಿ ನಿಧಾನದವನಿಗೂ ಅತಿ ವೇಗದವನಿಗೂ ಎಷ್ಟು ವ್ಯತ್ಯಾಸ ಇದೆಯೋ ಅದು ತೀರ್ಮಾನಿಸುತ್ತದೆ.

ಅಣುವಿನ 11 ಫೆಮ್ಟೋಸೆಕೆಂಡ್ ಅಂದರೆ ಆವರ್ತನ. ಪಲ್ಸಿನಿಂದ ಪಲ್ಸಿಗೆ ಇರುವ ಅಂತರ ಅದೇ. ಏಳು ಬಣ್ಣ ಸೇರಿದರೆ ಪೆಟ್ಟಿನ ಅಗಲ ಸುಮಾರು ಆವರ್ತನದ ಏಳನೇ ಒಂದು ಭಾಗ. 11.1 ಅನ್ನು 7ರಿಂದ ಭಾಗಿಸಿ. 1.6 ಬರುತ್ತದೆ! ನೀವು ಓದಿದ ಅಂಕಿ ಅದೇ. ಹಾಗಾಗಿ ಅಣುವಿಗೆ ವೇಗ ಇರಬೇಕಿಲ್ಲ. ಅದು ಬಣ್ಣಗಳನ್ನು ಸಮ ಅಂತರದಲ್ಲಿ ಜೋಡಿಸಿ ಕೊಟ್ಟರೆ ಸಾಕು. ಚೂಪು ಬರುವುದು ಬಣ್ಣಗಳ ಹರವಿನಿಂದ.

ಒಂದು ಎಚ್ಚರಿಕೆ ಹೇಳಬೇಕು. ಪೆಟ್ಟಿಗೂ ಅಲೆಗೂ ಒಂದು ವ್ಯತ್ಯಾಸ ಇದೆ. ಅರ್ಧ ಆವರ್ತನದಲ್ಲಿ 2, 4, 6, 8ರವರು ನಾಲ್ಕು ಜನ ಒಟ್ಟಿಗೆ ಪೆಟ್ಟು ಹಾಕುತ್ತಾರೆ ಅಂತ ಚುರುಕಾದ ಹುಡುಗ ಹೇಳುತ್ತಾನೆ. ನಿಜ. ಆದರೆ ಅಲೆಯಲ್ಲಿ ಆ ಹೊತ್ತಿಗೆ 3, 5, 7 ಪೂರ್ತಿ ಕೆಳಗಿರುತ್ತವೆ. ನಾಲ್ಕು ಮೇಲೆ, ಮೂರು ಕೆಳಗೆ, ಉಳಿಯುವುದು ಒಂದು. ಸಮದಲ್ಲಿ ಏಳೂ ಮೇಲೆ. ಬೆಳಕಿನ ತೀವ್ರತೆ ಇದರ ವರ್ಗ. ಸಮದಲ್ಲಿ 49, ಅರ್ಧದಲ್ಲಿ 1. ಈ 49 ಮತ್ತು 1 ಬೋರ್ಡಿನ ಮೇಲೆ ಬರೆದರೆ ಇಡೀ ವಿಷಯ ಕಣ್ಣಿಗೆ ಕಾಣುತ್ತದೆ.

ಇನ್ನು ರಾಮನ್. ಮಾಮೂಲಿ ರಾಮನ್ ಪರಿಣಾಮದಲ್ಲಿ ಪ್ರತಿ ಅಣುವೂ ತನ್ನ ಪಾಡಿಗೆ ತಾನು ಅಲುಗಾಡುತ್ತದೆ. ಒಂದು ಹಿಗ್ಗುವಾಗ ಪಕ್ಕದ್ದು ಕುಗ್ಗುತ್ತಿರುತ್ತದೆ. ಅವುಗಳಿಂದ ಹೊರಟ ಬೆಳಕು ಎಲ್ಲ ದಿಕ್ಕಿಗೂ ಚದುರುತ್ತದೆ, ಒಂದಕ್ಕೊಂದು ಕೂಡುವುದಿಲ್ಲ. ಅದಕ್ಕೇ ಅಷ್ಟು ಕ್ಷೀಣ. ಇಲ್ಲಿ ಮೊದಲೇ ಎರಡು ಲೇಸರ್ ಹಾಕಿ ಅಣುಗಳನ್ನೆಲ್ಲ ಒಂದೇ ತಾಳಕ್ಕೆ ತಂದಿರುತ್ತಾರೆ. ಒಂದು 1064, ಇನ್ನೊಂದು 807. ಎರಡರ ಬೀಟ್ ಎಷ್ಟು? ಅದೇ 2994. ನೀವು ಮೇಣ ಮೆತ್ತಿ ತೋರಿಸಿದ ಬೀಟ್ಸ್ ಇಲ್ಲಿ ಅಣುಗಳಿಗೆ ತಾಳ ಹಾಕುತ್ತದೆ. ಆ ಬೀಟ್ ಅನಿಲದ ಉದ್ದಕ್ಕೂ ಸಾಗುತ್ತದೆ, ದಾರಿಯಲ್ಲಿ ಸಿಕ್ಕ ಅಣುಗಳೆಲ್ಲ ಅದಕ್ಕೆ ಹೊಂದಿಕೊಂಡು ಅಲುಗಾಡುತ್ತವೆ. ತೇರು ಎಳೆಯುವಾಗ ಎಲ್ಲರೂ ಒಟ್ಟಿಗೆ ಹಗ್ಗ ಜಗ್ಗಿದರೆ ಗಾಲಿ ಉರುಳುತ್ತದೆ, ಒಬ್ಬೊಬ್ಬರು ಒಂದೊಂದು ಹೊತ್ತಿಗೆ ಜಗ್ಗಿದರೆ ತೇರು ಕದಲುವುದಿಲ್ಲ. ವ್ಯತ್ಯಾಸ ಅಷ್ಟೇ.

ಸ್ಟ್ಯಾನ್‌ಫರ್ಡ್‌ನ ಸ್ಟೀಫನ್ ಹ್ಯಾರಿಸ್ ಮತ್ತು ಅಲೆಕ್ಸೀ ಸೊಕೊಲೋವ್ 1990ರ ದಶಕದ ಕೊನೆಯಲ್ಲಿ ಈ ದಾರಿಯನ್ನು ಕಾಗದದ ಮೇಲೆ ತೋರಿಸಿದರು. 2000ದಲ್ಲಿ ಅವರ ತಂಡ ಇದೇ ಡ್ಯೂಟೀರಿಯಂನಿಂದ 2.94 ಮೈಕ್ರೋಮೀಟರಿನಿಂದ 195 ನ್ಯಾನೋಮೀಟರಿನವರೆಗೆ ಬಣ್ಣಗಳ ಸಾಲು ಹುಟ್ಟಿಸಿತು. ಇನ್‌ಫ್ರಾರೆಡ್‌ನಿಂದ ಅಲ್ಟ್ರಾವಯೊಲೆಟ್‌ವರೆಗೆ, ಒಂದೇ ಅನಿಲದಲ್ಲಿ, ಒಂದೇ ಕಿರಣದಲ್ಲಿ. 2005ರ ಏಳು ಬಣ್ಣ ಅದರ ಮುಂದಿನ ಹೆಜ್ಜೆ.

ತಿಪಟೂರು ಮೇಡಂ

ಕರಣೆ ಸರ್, ತುಂಬಾ ಧನ್ಯವಾದ. 11.1 ಭಾಗ 7 ನೋಡಿ ಕುರ್ಚಿಯಿಂದ ಎದ್ದು ನಿಂತೆ. ನಾಳೆಯೇ 49 ಮತ್ತು 1 ಬರೆಯುತ್ತೇನೆ.

ಇನ್ನು ಎರಡು ಕೇಳಲೇ? ಬೇರೆ ಅನಿಲ ಬಿಟ್ಟು ಡ್ಯೂಟೀರಿಯಂ ಯಾಕೆ? ಮತ್ತು ಇಷ್ಟು ಚಿಕ್ಕ ಪಲ್ಸ್ ನಿಜವಾಗಿ ಬಂದಿದೆ ಅಂತ ಹೇಗೆ ತಿಳಿಯುತ್ತದೆ? ಇದನ್ನು ನೋಡುವ ವೇಗ ಯಾವ ಉಪಕರಣಕ್ಕೂ ಇಲ್ಲ ಅಲ್ವಾ?

ಕರಣೆ

ಕೇಳಿ ಮೇಡಂ.

ಹಗುರವಾದ ಅಣು ಬೇಗ ಅಲುಗಾಡುತ್ತದೆ. ಬೇಗ ಅಲುಗಾಡಿದರೆ ಮೆಟ್ಟಿಲು ದೊಡ್ಡದು, ಕಡಿಮೆ ಮೆಟ್ಟಿಲಿನಲ್ಲೇ ದೊಡ್ಡ ಹರವು ಸಿಗುತ್ತದೆ. ಹೈಡ್ರೋಜನ್ ಎಲ್ಲಕ್ಕಿಂತ ಹಗುರ, ಅದರ ಮೆಟ್ಟಿಲು ಸೆಂಟಿಮೀಟರಿಗೆ 4155 ಅಲೆ. ಡ್ಯೂಟೀರಿಯಂ ಅದರ ಎರಡರಷ್ಟು ತೂಕ, ಹಾಗಾಗಿ ಆವೃತ್ತಿ ಸುಮಾರು ವರ್ಗಮೂಲ ಎರಡರಷ್ಟು ಕಡಿಮೆ. ಎರಡೂ ಬಳಕೆಯಲ್ಲಿವೆ.

ಸ್ಟ್ಯಾನ್‌ಫರ್ಡ್‌ನವರು ಡ್ಯೂಟೀರಿಯಂ ಅನ್ನು ದ್ರವ ಸಾರಜನಕದಿಂದ 77 ಕೆಲ್ವಿನ್‌ಗೆ ತಣ್ಣಗೆ ಮಾಡಿದ್ದರು. ಇದಕ್ಕೆ ಕಾರಣ ಇದೆ. ಅಣು ಬರೀ ಕಂಪಿಸುವುದಿಲ್ಲ, ತಿರುಗುತ್ತದೆ ಕೂಡ. ಕೋಣೆಯ ಉಷ್ಣತೆಯಲ್ಲಿ ಬೇರೆ ಬೇರೆ ಅಣುಗಳು ಬೇರೆ ಬೇರೆ ವೇಗದಲ್ಲಿ ತಿರುಗುತ್ತವೆ. ವೇಗ ಬೇರೆಯಾದರೆ ಕಂಪನದ ಆವೃತ್ತಿಯೂ ಕೂದಲೆಳೆಯಷ್ಟು ಬೇರೆ. ತಾಳ ಒಡೆಯಲು ಅಷ್ಟು ಸಾಕು. ತಣ್ಣಗೆ ಮಾಡಿದರೆ ಹೆಚ್ಚಿನವು ಕೆಳಗಿನ ಒಂದೇ ಸ್ಥಿತಿಗೆ ಬಂದು ಕೂರುತ್ತವೆ. ಎಲ್ಲರೂ ಒಂದೇ ಶ್ರುತಿಗೆ ಬಂದ ಹಾಗೆ.

ಇಲ್ಲಿ ನನ್ನದೇ ಒಂದು ಅನುಭವ ಹೇಳಬೇಕು. ಮೊದಲ ವರ್ಷ ನಾನು ಡ್ಯೂಟೀರಿಯಂ ಕೆಲಸಕ್ಕೆ ಸೆಲ್ (ಅನಿಲ ತುಂಬುವ ಪಾತ್ರೆ) ಸಿದ್ಧ ಮಾಡಿಕೊಂಡಿದ್ದೆ. ಹೊಸ ಸಿಲಿಂಡರ್ ಬಂದಿತ್ತು, ಅನಿಲ ತುಂಬಿಸಿದೆ. ಒಂದು ಲೇಸರ್ 1064, ಇನ್ನೊಂದು 807. ಕಿರಣಗಳು ಒಂದರ ಮೇಲೊಂದು ಸರಿಯಾಗಿ ಕೂತಿವೆ. ಆದರೂ ಒಂದೇ ಒಂದು ಹೊಸ ಬಣ್ಣ ಇಲ್ಲ. ಮೂರು ದಿನ ಕನ್ನಡಿ ತಿರುಗಿಸಿದೆ. ಲೇಸರಿನ ತರಂಗಾಂತರ ಮತ್ತೆ ಮತ್ತೆ ಅಳೆದೆ. ಒತ್ತಡ ಬದಲಾಯಿಸಿದೆ. ರಾತ್ರಿ ಊಟ ರುಚಿಸುತ್ತಿರಲಿಲ್ಲ. ನನ್ನ ಜೊತೆ ಕೆಲಸ ಮಾಡುವವರೂ ಕಂಗಾಲಾಗಿದ್ದರು.

ನಾಲ್ಕನೇ ದಿನ ಬೆಳಗ್ಗೆ ಕಾಫಿ ಕುಡಿಯುವಾಗ ಹೊಳೆಯಿತು. ಸಿಲಿಂಡರಿನಲ್ಲಿ ಇರುವುದು ಡ್ಯೂಟೀರಿಯಂ ಅಲ್ಲದಿದ್ದರೆ? 1064ರ ಲೇಸರಿಗೆ 9398 ಅಲೆ. ಅದಕ್ಕೆ ಹೈಡ್ರೋಜನ್‌ನ 4155 ಕೂಡಿಸಿದೆ. 13553. ಅಂದರೆ 738 ನ್ಯಾನೋಮೀಟರ್. ಎರಡನೇ ಲೇಸರನ್ನು 807ರಿಂದ ಮೆಲ್ಲಗೆ 738ಕ್ಕೆ ತಂದೆ. ಪಟ್ಟಕದ ಆಚೆ ಒಂದು ಬಿಳಿ ಕಾರ್ಡ್ ಇತ್ತು, ಅದರ ಎದುರು ಕ್ಯಾಮೆರಾ. ಪರದೆಯ ಮೇಲೆ ಮೊದಲು ಹಳದಿ ಹಸಿರಿನ ಒಂದು ಚುಕ್ಕೆ ಮೂಡಿತು, 565ರದ್ದು. ಅದರ ಪಕ್ಕ ನೀಲಿ, 457. ಆಮೇಲೆ ಕಾರ್ಡಿನ ಅಂಚಿನಲ್ಲಿ ಮಂಕು ನೀಲಿಯ ಇನ್ನೊಂದು ಚುಕ್ಕೆ. ಅದು 384, ಅಲ್ಟ್ರಾವಯೊಲೆಟ್. ಬಿಳಿ ಕಾರ್ಡ್ ಅದನ್ನು ಹೀರಿ ಹೊಳೆಯುತ್ತಿತ್ತು. ಪೂರೈಸಿದವರು ಹೈಡ್ರೋಜನ್ ಸಿಲಿಂಡರಿಗೆ ಡ್ಯೂಟೀರಿಯಂ ಚೀಟಿ ಅಂಟಿಸಿ ಕಳಿಸಿದ್ದರು. ನನಗೆ ಸಿಟ್ಟು ಬರಲಿಲ್ಲ. ಅಣು ತನ್ನ ಹೆಸರನ್ನು ತಾನೇ ಹೇಳಿತಲ್ಲ ಅಂತ ಮೈ ಜುಮ್ಮೆಂದಿತು. 1928ರ ಫೆಬ್ರವರಿ 28ರಂದು ಕಲ್ಕತ್ತೆಯಲ್ಲಿ ರಾಮನ್ ಮತ್ತು ಕೃಷ್ಣನ್ ಕಂಡದ್ದು ಇದೇ ತಾನೆ? ಚದುರಿದ ಬೆಳಕಿನ ಬಣ್ಣ ನೋಡಿದರೆ ಅಣು ಯಾವುದು ಅಂತ ತಿಳಿಯುತ್ತದೆ.

ತರಗತಿಯಲ್ಲಿ ತೋರಿಸಬಹುದಾದ ಒಂದು ಸಂಗತಿ ಇದೆ, ಅದನ್ನೂ ಹೇಳಿಬಿಡುತ್ತೇನೆ. ಎರಡು ಲೇಸರಿನ ಬೀಟ್ ಅನ್ನು ಅಣುವಿನ ಆವೃತ್ತಿಗೆ ಪೂರ್ತಿ ಸರಿಯಾಗಿ ಇಡುವುದಿಲ್ಲ. ಸ್ವಲ್ಪ ಆಚೆ ಅಥವಾ ಈಚೆ ಇಡುತ್ತಾರೆ. ಒಂದು ದಾರಕ್ಕೆ ಬೀಗದ ಕೈ ಕಟ್ಟಿ ಇಳಿಬಿಡಿ. ಕೈಯನ್ನು ನಿಧಾನವಾಗಿ ಆಚೀಚೆ ಆಡಿಸಿ. ಬೀಗದ ಕೈ ನಿಮ್ಮ ಕೈಯ ಜೊತೆಗೇ ಬರುತ್ತದೆ. ಈಗ ಬೇಗ ಬೇಗ ಆಡಿಸಿ. ನಿಮ್ಮ ಕೈ ಬಲಕ್ಕೆ ಹೋದಾಗ ಅದು ಎಡಕ್ಕೆ ಹೋಗುತ್ತದೆ. ಅಣುಗಳೂ ಹಾಗೇ. ಬೀಟ್ ಸ್ವಲ್ಪ ನಿಧಾನವಾದರೆ ಎಲ್ಲವೂ ಅದರ ಜೊತೆಗೆ, ಸ್ವಲ್ಪ ಬೇಗವಾದರೆ ಎಲ್ಲವೂ ಅದಕ್ಕೆ ಎದುರಾಗಿ ಅಲುಗಾಡುತ್ತವೆ. ಎರಡರಲ್ಲೂ ತಾಳ ಒಂದೇ ಇರುತ್ತದೆ, ಅದು ಮುಖ್ಯ.

ಅಳೆಯುವ ವಿಷಯ. ನೀವು ಹೇಳಿದ್ದು ಸರಿ, ಯಾವ ಎಲೆಕ್ಟ್ರಾನಿಕ್ ಉಪಕರಣಕ್ಕೂ ಈ ವೇಗ ಇಲ್ಲ. ಆದರೆ ಬೆಳಕನ್ನೇ ಸಾಕ್ಷಿಗೆ ಕರೆಯಬಹುದು. ಮೊದಲು ಬಣ್ಣಗಳನ್ನು ಬಿಡಿಸಿ, ಒಂದೊಂದರ ಫೇಸ್ ಅನ್ನೂ, ಅಂದರೆ ಅಲೆ ಯಾವ ಹೊತ್ತಿಗೆ ಏರುತ್ತದೆ ಅನ್ನುವುದನ್ನು, ಬೇಕಾದಷ್ಟು ಹಿಂದೆ ಮುಂದೆ ಮಾಡಿ, ಮತ್ತೆ ಒಂದೇ ಕಿರಣಕ್ಕೆ ಸೇರಿಸುತ್ತಾರೆ. ಆಮೇಲೆ ಆ ಕಿರಣವನ್ನು ಬೇರೊಂದು ಅನಿಲದಲ್ಲಿ ಕೂಡಿಸಿ ಅಲ್ಟ್ರಾವಯೊಲೆಟ್ ಬೆಳಕು ಹುಟ್ಟುವಂತೆ ಮಾಡುತ್ತಾರೆ. ಒಂದೇ ಅಲ್ಟ್ರಾವಯೊಲೆಟ್ ಬಣ್ಣಕ್ಕೆ ಹಲವು ದಾರಿ ಇವೆ, ಬೇರೆ ಬೇರೆ ಬಣ್ಣಗಳು ಕೂಡಿ ಅದನ್ನೇ ಮಾಡಬಲ್ಲವು. ಈ ದಾರಿಗಳು ಒಂದಕ್ಕೊಂದು ಹೊಂದಿದರೆ ಅದು ಜೋರಾಗುತ್ತದೆ, ಹೊಂದದಿದ್ದರೆ ಮಂಕಾಗುತ್ತದೆ. ಒಂದೊಂದು ಬಣ್ಣದ ಫೇಸ್ ಬದಲಾಯಿಸುತ್ತಾ ಈ ಏರಿಳಿತ ನೋಡಿದರೆ, ಬಣ್ಣಗಳೆಲ್ಲ ಸಮಕ್ಕೆ ಕೂತಿವೆಯೋ ಇಲ್ಲವೋ ತಿಳಿಯುತ್ತದೆ.

ಫೇಸ್ ಇಷ್ಟು ಜೋಪಾನ ಮಾಡಬೇಕಾದ್ದು ಯಾಕೆಂದರೆ, ದಾರಿಯಲ್ಲಿ ಒಂದು ಗಾಜಿನ ಕಿಟಕಿ ಇದ್ದರೂ ಸಾಕು, ಎಲ್ಲ ಚದುರುತ್ತದೆ. 1 ಮಿಲಿಮೀಟರ್ ಸಿಲಿಕಾ ಗಾಜಿನಲ್ಲಿ 400 ನ್ಯಾನೋಮೀಟರಿನ ನೇರಳೆ, 800ರದ್ದಕ್ಕಿಂತ ಸುಮಾರು 150 ಫೆಮ್ಟೋಸೆಕೆಂಡ್ ಹಿಂದೆ ಬೀಳುತ್ತದೆ. ಪಲ್ಸ್ ಇರುವುದೇ 1.6. ಬೆಳಕು 1.6 ಫೆಮ್ಟೋಸೆಕೆಂಡಿನಲ್ಲಿ ಓಡುವ ದೂರ ಅರ್ಧ ಮೈಕ್ರೋಮೀಟರಿಗೂ ಕಡಿಮೆ. ತಲೆಗೂದಲಿನ ದಪ್ಪದಲ್ಲಿ ಇಂಥ ನೂರಕ್ಕೂ ಹೆಚ್ಚು ಪಲ್ಸ್ ಪಕ್ಕ ಪಕ್ಕ ಕೂರುತ್ತವೆ.

ಹೊಳೆದಂಡೆ

ಮೇಡಂ, ನಾನು ಪಿಎಚ್‌ಡಿ ವಿದ್ಯಾರ್ಥಿನಿ, ಇದಕ್ಕೆ ಹತ್ತಿರದ ವಿಷಯ ಓದುತ್ತಿದ್ದೇನೆ. ಕರಣೆ ಸರ್ ಹೇಳಿದ ದಾರಿಯ ಜೊತೆಗೆ ಇನ್ನೊಂದೂ ಇದೆ. ಅಲ್ಲಿ ಎರಡು ಲೇಸರ್ ಬೇಡ. ಅಣುವಿನ ಕಂಪನಕ್ಕಿಂತ ಚಿಕ್ಕದಾದ ಒಂದು ಪಲ್ಸ್ ಬಂದು ಎಲ್ಲ ಅಣುಗಳಿಗೂ ಒಟ್ಟಿಗೆ ಒಂದು ಏಟು ಕೊಡುತ್ತದೆ. ದೇವಸ್ಥಾನದ ಗಂಟೆಗೆ ಒಂದೇ ಸಲ ಹೊಡೆದ ಹಾಗೆ. ಏಟು ಕೊಟ್ಟ ಪಲ್ಸ್ ಹೋದ ಮೇಲೂ ಅಣುಗಳು ಅಲುಗಾಡುತ್ತಲೇ ಇರುತ್ತವೆ. ಹಿಂದೆ ಬರುವ ಎರಡನೇ ಪಲ್ಸ್ ಅದರ ಮೇಲೆ ಸವಾರಿ ಮಾಡುತ್ತದೆ, ಅದರ ಬಣ್ಣಗಳು ಹರಡಿಕೊಳ್ಳುತ್ತವೆ. ಆಮೇಲೆ ಬಣ್ಣಗಳನ್ನು ಸಮಕ್ಕೆ ತಂದರೆ ಚಿಕ್ಕ ಪಲ್ಸ್ ಸಿಗುತ್ತದೆ. 2000ದ ಸುಮಾರಿಗೆ ಬರ್ಲಿನ್‌ನ ಮ್ಯಾಕ್ಸ್ ಬೋರ್ನ್ ಸಂಸ್ಥೆಯವರು ಸಲ್ಫರ್ ಹೆಕ್ಸಾಫ್ಲೋರೈಡ್‌ನಲ್ಲಿ ಇದನ್ನು ಮಾಡಿದರು. ಅದು ಭಾರದ ಅಣು, ಒಂದು ಕಂಪನಕ್ಕೆ 43 ಫೆಮ್ಟೋಸೆಕೆಂಡ್. ನಿಧಾನವಾದದ್ದರಿಂದ ಅದಕ್ಕೆ ಏಟು ಕೊಡುವುದು ಸುಲಭ.

ನನಗೆ ಎಲ್ಲಕ್ಕಿಂತ ಇಷ್ಟ ತಿರುಗುವ ಅಣುಗಳು. ನಾವು ಉಸಿರಾಡುವ ಗಾಳಿಯ ಸಾರಜನಕಕ್ಕೇ ಒಂದು ಏಟು ಕೊಡಿ. ಅಣುಗಳು ಒಂದು ಕ್ಷಣ ಒಂದೇ ದಿಕ್ಕಿಗೆ ಮುಖ ಮಾಡಿ, ಆಮೇಲೆ ಚದುರುತ್ತವೆ. ಎಲ್ಲ ಮುಗಿಯಿತು ಅನ್ನಿಸುತ್ತದೆ. 8.4 ಪಿಕೋಸೆಕೆಂಡ್ (8400 ಫೆಮ್ಟೋಸೆಕೆಂಡ್) ಆದ ಮೇಲೆ ಮತ್ತೆ ಎಲ್ಲವೂ ತಾವಾಗಿಯೇ ಸಾಲಾಗಿ ನಿಲ್ಲುತ್ತವೆ! ಕ್ವಾಂಟಂ ನಿಯಮದಂತೆ ತಿರುಗುವಿಕೆಯ ಆವೃತ್ತಿಗಳು ಪೂರ್ಣಾಂಕದ ಲೆಕ್ಕದಲ್ಲಿ ಇರುತ್ತವೆ, ಅದಕ್ಕೆ. ಕರಣೆ ಸರ್ ಹೇಳಿದ ಆವರ್ತನ ಇಲ್ಲೂ ಇದೆ, ಸಮಕ್ಕೆ ವಾಪಸ್ ಬರುತ್ತದೆ. ಆ ಸಾಲು ನಿಲ್ಲುವ ಕ್ಷಣಕ್ಕೆ ಸರಿಯಾಗಿ ಎರಡನೇ ಪಲ್ಸ್ ಕಳಿಸಿದರೆ ಅದರ ಬಣ್ಣಗಳು ಹರಡುತ್ತವೆ.

2023ರ ನೊಬೆಲ್ ಬಗ್ಗೆ ಮಕ್ಕಳು ಕೇಳಿದರೆ ಒಂದು ಮಾತು ಹೇಳಿ. ಅಗೋಸ್ತಿನಿ, ಕ್ರೌಸ್, ಲುಯಿಯೆ ಅವರ ಅಟೋಸೆಕೆಂಡ್ (ಫೆಮ್ಟೋಸೆಕೆಂಡಿನ ಸಾವಿರದ ಒಂದು ಪಾಲು) ಪಲ್ಸ್ ಬೇರೆ ದಾರಿಯದು. ಅಲ್ಲಿ ಬಲವಾದ ಲೇಸರ್ ಪರಮಾಣುವಿನಿಂದ ಎಲೆಕ್ಟ್ರಾನ್ ಅನ್ನು ಕಿತ್ತು ಮತ್ತೆ ಅದರ ಮೇಲೇ ಎಸೆಯುತ್ತದೆ. ಆಗ ಅಲ್ಟ್ರಾವಯೊಲೆಟ್‌ಗೂ ಆಚಿನ ಬೆಳಕು ಹೊರಡುತ್ತದೆ. ಪಲ್ಸ್ ಇನ್ನೂ ಚಿಕ್ಕದು, ಆದರೆ ಲೇಸರಿನ ಶಕ್ತಿಯಲ್ಲಿ ತೀರಾ ಸಣ್ಣ ಪಾಲು ಮಾತ್ರ ಹಾಗೆ ಬದಲಾಗುತ್ತದೆ. ಅಣುಗಳ ದಾರಿಯಲ್ಲಿ ಬೆಳಕಿನ ದೊಡ್ಡ ಪಾಲು ಹೊಸ ಬಣ್ಣಗಳಿಗೆ ಹಂಚಿಹೋಗುತ್ತದೆ. ಬಣ್ಣಗಳೂ ಕನ್ನಡಿ, ಪಟ್ಟಕ ಹಿಡಿದು ಪಳಗಿಸಬಹುದಾದಂಥವು.

ಕಾಫಿತೋಟ

ಶಟರ್ ಊಹೆಯನ್ನು ಬಿಟ್ಟೆ. ಎಫ್ಎಂ ಹೋಲಿಕೆ ಸರಿಯಾಗಿ ಕೂತಿತು. ಕರಣೆ ಸರ್, ಒಂದು ಅನುಮಾನ. ಒಂದು ಸಲ ಲೇಸರ್ ಹಾರಿದರೆ ಎಷ್ಟು ಪಲ್ಸ್ ಬರುತ್ತವೆ? ಒಂದೇ ಒಂದು ಪಲ್ಸ್ ಬೇಕೆಂದರೆ?

ಕರಣೆ

ಈ ವಿಧಾನದ ತೊಡಕು ಅದೇ ನೋಡಿ. ಲೇಸರ್ ಸುಮಾರು ಹತ್ತು ನ್ಯಾನೋಸೆಕೆಂಡ್ ಇರುತ್ತದೆ. ಅದನ್ನು 11 ಫೆಮ್ಟೋಸೆಕೆಂಡಿನಿಂದ ಭಾಗಿಸಿದರೆ ಹತ್ತಿರ ಹತ್ತಿರ ಹತ್ತು ಲಕ್ಷ. ಹತ್ತು ಲಕ್ಷ ಪಲ್ಸಿನ ಸಾಲು ಒಟ್ಟಿಗೆ ಬರುತ್ತದೆ. ಶಕ್ತಿ ಅಷ್ಟಕ್ಕೂ ಹಂಚಿಹೋಗುತ್ತದೆ. 2005ರ ಪ್ರಯೋಗದಲ್ಲಿ ಒಂದೊಂದರ ತುದಿಯ ಸಾಮರ್ಥ್ಯ 1 ಮೆಗಾವ್ಯಾಟ್ ಇತ್ತು. ಒಂದೇ ಪಲ್ಸ್ ಬೇಕಾದರೆ ಹೊಳೆದಂಡೆ ಅವರು ಹೇಳಿದ ಏಟಿನ ದಾರಿಯೇ ಸರಿ.

ತಿಪಟೂರು ಮೇಡಂ

ಇವತ್ತು ಪಾಠ ಆಯಿತು. ದಾರ ಮತ್ತು ಬೀಗದ ಕೈಯನ್ನು ಮೂವತ್ತು ಮಕ್ಕಳೂ ಮಾಡಿ ನೋಡಿದರು. ಕೈ ಬಲಕ್ಕೆ, ಬೀಗದ ಕೈ ಎಡಕ್ಕೆ ಹೋದಾಗ ಒಂದು ಹುಡುಗಿ ಚಪ್ಪಾಳೆ ತಟ್ಟಿದಳು.

ಆ ಹುಡುಗ ಮಾತ್ರ ಮುಂದೆ ಹೋಗಿದ್ದಾನೆ. ಕಂಪ್ಯೂಟರ್ ಲ್ಯಾಬಿಗೆ ಹೋಗಿ, ನೀವು ಕೊಟ್ಟ ಏಳು ತರಂಗಾಂತರ ಹಾಕಿ, ಏಳು ಕೊಸೈನ್ ಕೂಡಿಸಿ ಎಕ್ಸೆಲ್‌ನಲ್ಲಿ ಗ್ರಾಫ್ ಎಳೆದಿದ್ದಾನೆ. 11 ಫೆಮ್ಟೋಸೆಕೆಂಡಿಗೆ ಒಂದೊಂದು ಗುಡ್ಡ ಬಂದಿದೆ. ಆದರೆ ಒಂದು ಗುಡ್ಡದೊಳಗಿನ ಅಲೆ ಇನ್ನೊಂದರಂತೆ ಇಲ್ಲ. ಮೊದಲ ಗುಡ್ಡದ ನೆತ್ತಿಯಲ್ಲಿ ಅಲೆ ಪೂರ್ತಿ ಮೇಲಿದೆ. ಎರಡನೆಯದರಲ್ಲಿ ಸ್ವಲ್ಪ ಜಾರಿದೆ, ಮೂರನೆಯದರಲ್ಲಿ ಇನ್ನೂ ಜಾರಿದೆ. "ಮಿಸ್, ನನ್ನ ಲೆಕ್ಕ ತಪ್ಪಾಯ್ತಾ?" ಅಂತ ಮುಖ ಸಪ್ಪೆ ಮಾಡಿಕೊಂಡು ಬಂದ. ಎರಡು ಸಲ ಪರಿಶೀಲಿಸಿದೆ, ನನಗೂ ತಪ್ಪು ಕಾಣಲಿಲ್ಲ.

ಕರಣೆ

ಮೇಡಂ, ಅವನ ಲೆಕ್ಕ ಸರಿಯಾಗಿದೆ. ತಪ್ಪು ನನ್ನ ಹೋಲಿಕೆಯಲ್ಲಿದೆ. ಇವತ್ತೇ ಅವನಿಗೆ ತಿಳಿಸಿ.

ನಾನು ಆವರ್ತನಕ್ಕೆ 2, 3, 4 ಪೆಟ್ಟು ಅಂದೆ. ನಿಜವಾದ ಅಂಕಿ ಹಾಗಿಲ್ಲ. 1064ರ ಲೇಸರಿನ 9398 ಅನ್ನು 2994ರಿಂದ ಭಾಗಿಸಿ. 3.14 ಬರುತ್ತದೆ. ಪೈ ಥರ ಕಂಡರೂ ಇದಕ್ಕೂ ಪೈಗೂ ಸಂಬಂಧ ಇಲ್ಲ. ಏಳು ಬಣ್ಣಗಳೂ ಹೀಗೇ: 2.14, 3.14, 4.14, ಕೊನೆಗೆ 8.14. ಎಲ್ಲರಿಗೂ 0.14 ಜಾಸ್ತಿ ಇದೆ. ಎಲ್ಲರಿಗೂ ಒಂದೇ ಅಳತೆ ಜಾಸ್ತಿ ಇರುವುದರಿಂದ ಸಮಕ್ಕೆ ಒಟ್ಟಿಗೇ ಸೇರುತ್ತಾರೆ, ಗುಡ್ಡ ಬದಲಾಗುವುದಿಲ್ಲ. ಆದರೆ ಒಳಗಿನ ಅಲೆ ಪ್ರತಿ ಆವರ್ತನಕ್ಕೂ 0.14ರಷ್ಟು ಜಾರುತ್ತದೆ. ಸುಮಾರು ಏಳು ಪಲ್ಸ್ ಆದ ಮೇಲೆ ಮತ್ತೆ ಮೊದಲಿನಂತೆ ಕಾಣುತ್ತದೆ. ಅವನ ಗ್ರಾಫಿನಲ್ಲಿ ಏಳನೇ ಗುಡ್ಡದ ಆಸುಪಾಸು ನೋಡಲು ಹೇಳಿ, ಅಲ್ಲಿ ಸಿಗುತ್ತದೆ.

ಈ ಜಾರುವಿಕೆಯನ್ನು ನಿಲ್ಲಿಸಿದವರೂ ಇದ್ದಾರೆ. ತೈವಾನ್‌ನಲ್ಲಿ ಆಂಡ್ರ್ಯೂ ಕುಂಗ್ ಅವರ ತಂಡ ಹೈಡ್ರೋಜನ್ ಬಳಸಿ, ಬಣ್ಣಗಳು ಪೂರ್ಣಾಂಕಕ್ಕೆ ಸರಿಯಾಗಿ ಬೀಳುವಂತೆ ಲೇಸರುಗಳನ್ನು ಹೊಂದಿಸಿತು. 2406 ನ್ಯಾನೋಮೀಟರ್ ಮೊದಲನೆಯದು. ಉಳಿದವು ಅದರ ಎರಡು, ಮೂರು, ನಾಲ್ಕು, ಐದು ಪಟ್ಟು ಆವೃತ್ತಿ: 1203, 802, 602, 481. ಸರಿಯಾಗಿ 1, 2, 3, 4, 5. ಅಲ್ಲಿ ಪ್ರತಿ ಗುಡ್ಡವೂ ಒಂದೇ ಥರ. ಫೇಸ್ ಮತ್ತು ಎತ್ತರ ಬದಲಾಯಿಸಿ ಅಲೆಗೆ ಬೇಕಾದ ಆಕಾರವನ್ನೂ ಕೊಟ್ಟರು. 2011ರಲ್ಲಿ ಅದು ಪ್ರಕಟವಾಯಿತು.

ಇದನ್ನು ಓದಿದಾಗಲೆಲ್ಲ ನನ್ನ ಮೃದಂಗ ನೆನಪಾಗುತ್ತದೆ. ಬರಿಯ ಚರ್ಮ ಬಿಗಿದ ವಾದ್ಯದ ಉಪಸ್ವರಗಳು ಪೂರ್ಣಾಂಕಕ್ಕೆ ಬೀಳುವುದಿಲ್ಲ, ಅದಕ್ಕೇ ಅವು ಬರೀ ಸದ್ದು ಮಾಡುತ್ತವೆ. ಮೃದಂಗದ ನಡುವೆ ಕಪ್ಪು ಕರಣೆ ಹಾಕಿದರೆ ಉಪಸ್ವರಗಳು 1, 2, 3, 4, 5ಕ್ಕೆ ಬಂದು ಕೂರುತ್ತವೆ. ಇದನ್ನು ಅಳೆದು ತೋರಿಸಿದವರು ರಾಮನ್ ಅವರೇ. 1920ರಲ್ಲಿ ಅದರ ಬಗ್ಗೆ ಬರೆದರು. ಆಮೇಲೆ ಬೆಂಗಳೂರಿಗೆ ಬಂದ ಮೇಲೂ, 1934ರಲ್ಲಿ, ಇನ್ನೊಂದು ದೊಡ್ಡ ಲೇಖನ ಬರೆದರು. ಬೆಳಕಿನ ಬಣ್ಣ ಬದಲಾಗುವುದನ್ನು ಕಂಡವರೂ ಅವರೇ, ಚರ್ಮದ ಮೇಲಿನ ಐದು ಸ್ವರ ಲೆಕ್ಕ ಮಾಡಿದವರೂ ಅವರೇ.

ಆ ಹುಡುಗನಿಗೆ ಹೇಳಿ, ಎಕ್ಸೆಲ್‌ನಲ್ಲಿ ಏಳು ತರಂಗಾಂತರ ತೆಗೆದು ಈ ಐದನ್ನು ಹಾಕಲಿ. ಆವರ್ತನ ಈಗ 8 ಫೆಮ್ಟೋಸೆಕೆಂಡ್ ಆಗುತ್ತದೆ. ಮೊದಲ ಮೂರು ಗುಡ್ಡಗಳನ್ನು ಒಂದರ ಮೇಲೊಂದು ಇಟ್ಟು ನೋಡಲಿ. ಏನು ಬಂತು ಅಂತ ಇಲ್ಲೇ ಬರೆಯಿರಿ, ನಾನು ಕಾಯುತ್ತಿರುತ್ತೇನೆ.